ತೇರ್ಸಿನ ಹೊತ್ತಿನ ಬ್ಯಾಟರಿ

ನಮ್ಮ ಮನೆಯಲ್ಲಿ ಸಂಜೆಯ ತೇರ್ಸ್ ತಪ್ಪುವುದಿಲ್ಲ. ತೇರ್ಸ್ ಎಂದರೆ ಜಪಮಾಲೆ ಹಿಡಿದು ಮನೆಮಂದಿ ಒಟ್ಟಾಗಿ ಮಾಡುವ ಪ್ರಾರ್ಥನೆ. ಜ್ವರ ಬಂದರೂ, ನೆಂಟರು ಬಂದರೂ, ವಿಶ್ವಕಪ್ಪಿನ ಫೈನಲ್ ಬಂದರೂ ಎಂಟು ಗಂಟೆಗೆ ಅಮ್ಮ ಆಲ್ತಾರಿನ, ಅಂದರೆ ದೇವರ ಪೀಠದ, ಮುಂದೆ ನಿಂತು ಒಮ್ಮೆ ಕೆಮ್ಮುತ್ತಾಳೆ. ಆ ಕೆಮ್ಮು ಕೇಳಿದ ಮೇಲೆ ನಾನೂ ನನ್ನ ಹೆಂಡತಿಯೂ ಎಲ್ಲಿದ್ದರೂ ಹಾಲಿಗೆ ಬರಲೇಬೇಕು. ಅಮ್ಮ ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಗಂಟೆ ಹೊಡೆಯದೆಯೂ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ವಿದ್ಯೆ ಅವಳಿಗೆ ನಿವೃತ್ತಿಯ ನಂತರವೂ ಮರೆತಿಲ್ಲ.

ಈ ತೇರ್ಸಿಗೆ ಲ್ಯಾಪ್‌ಟಾಪ್ ಬಂದದ್ದು ನನ್ನ ತಮ್ಮನಿಂದ. ಮಸ್ಕತ್‌ನಲ್ಲಿರುವ ಅವನು ಒಂದು ದಿನ ಫೋನಿನಲ್ಲಿ, "ಇಲ್ಲಿ ಒಬ್ಬನೇ ಕೂತು ಪ್ರಾರ್ಥನೆ ಮಾಡ್ಲಿಕ್ಕೆ ಉದಾಸೀನ ಆಗ್ತದೆ. ನಿಮ್ಮ ಒಟ್ಟಿಗೆ ವಿಡಿಯೊದಲ್ಲಿ ಸೇರ್ತೇನೆ," ಎಂದ. ಅಮ್ಮನಿಗೆ ಖುಷಿಯಾಯಿತು. ಮೊದಲ ಎರಡು ದಿನ ನನ್ನ ಮೊಬೈಲನ್ನು ಹೂದಾನಿಗೆ ಒರಗಿಸಿ ಇಟ್ಟೆವು. ಅಷ್ಟು ಚಿಕ್ಕದರಲ್ಲಿ ಮಗನ ಮುಖ ಅಂಚೆಚೀಟಿಯ ಹಾಗೆ ಕಾಣುತ್ತದೆ ಎಂದು ಅಮ್ಮ ತಕರಾರು ತೆಗೆದಳು. ಹಾಗಾಗಿ ನಾನು ಕೆಲಸಕ್ಕೆ ಬಳಸುವ ಲ್ಯಾಪ್‌ಟಾಪ್ ಸಂಜೆ ಹೊತ್ತು ಹಾಲಿನ ಸ್ಟೂಲಿನ ಮೇಲೆ ಬಂದು ಕೂತಿತು.

ನನ್ನ ಕೆಲಸ ಪುಸ್ತಕಗಳ ಪುಟ ಕಟ್ಟುವುದು. ಪ್ರಕಾಶಕರು ಕಳಿಸಿದ್ದನ್ನು ಪುಟಕ್ಕೆ ಹೊಂದಿಸಿ, ತಪ್ಪು ತಿದ್ದಿ ಹಿಂದಕ್ಕೆ ಕಳಿಸುತ್ತೇನೆ. ಕುದ್ರೋಳಿಯ ಒಂದು ಅಂಗಡಿಯಿಂದ ತಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಅದು. ತಂದಾಗ ಏಳಲು ಅರ್ಧ ಗಂಟೆ, ಮಲಗಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿತ್ತು. ನಾನು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿದೆ. ನಾನೇನು ಆ ವಿಷಯದಲ್ಲಿ ಪಂಡಿತನಲ್ಲ, ಯಾರೋ ಬರೆದದ್ದನ್ನು ಓದಿ ಹಾಗೆಯೇ ಮಾಡುವವನು. ಆದರೆ ಲಿನಕ್ಸ್ ಹಾಕಿದ ಮೇಲೆ ಅದು ಚುರುಕಾಗಿ ಓಡತೊಡಗಿತು, ನನಗೂ ಸ್ವಲ್ಪ ಜಂಬ ಬಂತು.

ಒಂದೇ ಕಷ್ಟವೆಂದರೆ ಪ್ಲಗ್ಗು. ಪಡೀಲಿನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಆಲ್ತಾರಿನ ಬಳಿ ಇರುವುದು ಒಂದೇ ಪ್ಲಗ್ ಪಾಯಿಂಟು. ಅದು ಆಲ್ತಾರಿನ ದೀಪದ್ದು, ಆ ದೀಪ ಆರಬಾರದು. ಎಕ್ಸ್‌ಟೆನ್ಶನ್ ಬಾಕ್ಸ್ ತಂದು ಎಳೆದೆ. ಮೊದಲ ದಿನವೇ ಅಮ್ಮನ ಕಾಲು ವಯರಿಗೆ ಸಿಕ್ಕಿ, ಅವಳು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಮೇಣದಬತ್ತಿಯ ಸ್ಟ್ಯಾಂಡ್ ಮಾತ್ರ ಬಿತ್ತು.

"ದೇವರ ಎದುರು ಈ ಹಾವು ಎಲ್ಲ ಬೇಡ," ಎಂದಳು ಅಮ್ಮ. "ಬ್ಯಾಟರಿ ಅಂತ ಒಂದು ಉಂಟಲ್ಲ ಅದರಲ್ಲಿ?"

ಉಂಟು ಎಂದೆ. ಅಲ್ಲಿಂದ ಮುಂದೆ ತೇರ್ಸ್ ನಡೆದದ್ದು ಬ್ಯಾಟರಿಯ ಮೇಲೆ.

ಕೆಲವು ವಾರಗಳ ನಂತರ ತಮ್ಮ ನಮ್ಮನ್ನು ಕೇಳದೆ ಮಾವ್ಶಿಯನ್ನೂ ಸೇರಿಸಿಬಿಟ್ಟ. ಮಾವ್ಶಿ ಎಂದರೆ ಅಮ್ಮನ ತಂಗಿ. ಕುವೈತಿನಲ್ಲಿ ನರ್ಸ್ ಆಗಿರುವವಳು. ಪರದೆಯ ಮೇಲೆ ಥಟ್ಟನೆ ಅವಳ ಮುಖ ಬಂದಾಗ ಅಮ್ಮ ಜಪಮಾಲೆಯನ್ನು ಬೆರಳಲ್ಲಿ ಒಂದು ಸುತ್ತು ಹೆಚ್ಚು ಸುತ್ತಿಕೊಂಡಳು. ಅವರಿಬ್ಬರೂ ಮಾತಾಡದೆ ಕೆಲವು ವರ್ಷಗಳೇ ಆಗಿದ್ದವು.

ಜಗಳ ಆದದ್ದು ಇದೇ ಆಲ್ತಾರಿನ ವಿಷಯಕ್ಕೆ. ಅದು ಬೋಳಾರದ ಅಜ್ಜಿಯ ಮನೆಯದ್ದು. ಎರಡು ಪುಟ್ಟ ಕಂಬ, ಮೇಲೆ ಕಮಾನು, ಒಳಗೆ ಶಿಲುಬೆ. ಎಲ್ಲವೂ ಹಲಸಿನ ಮರದ ಕೆತ್ತನೆ. ಅಜ್ಜಿ ತೀರಿಕೊಂಡು ಆ ಮನೆ ಬಿಡುವಾಗ ಅಮ್ಮ ಅದನ್ನು ಟೆಂಪೋದಲ್ಲಿ ಹಾಕಿಸಿ ನಮ್ಮ ಮನೆಗೆ ತಂದಳು. ಮಾವ್ಶಿಗೆ ರಜೆ ಸಿಕ್ಕಿರಲಿಲ್ಲ. ವಿಷಯ ಅವಳಿಗೆ ಬೇರೆಯವರಿಂದ ಗೊತ್ತಾಯಿತು. "ನನ್ನನ್ನು ಒಂದು ಮಾತು ಕೇಳಬಹುದಿತ್ತು," ಎಂದು ಫೋನ್ ಮಾಡಿ ಹೇಳಿದಳು. "ಇಲ್ಲಿ ಇದ್ದವರಲ್ಲವಾ ದೀಪ ಹಚ್ಚುವುದು?" ಎಂದಳು ಅಮ್ಮ. ಅಷ್ಟೇ. ಆಮೇಲೆ ಹಬ್ಬಕ್ಕೆ ಒಂದು ಮೆಸೇಜು, ಹುಟ್ಟಿದ ಹಬ್ಬಕ್ಕೆ ಒಂದು ಮೆಸೇಜು. ಅದನ್ನೂ ಅಮ್ಮ ನನ್ನ ಕೈಯಲ್ಲಿ ಟೈಪ್ ಮಾಡಿಸುತ್ತಿದ್ದಳು.

ಈಗ ಇಬ್ಬರೂ ದಿನಾ ಸಂಜೆ ಒಂದೇ ಪರದೆಯ ಮೇಲೆ ಪ್ರಾರ್ಥನೆ ಮಾಡತೊಡಗಿದರು. ಒಬ್ಬಳು ಮೊದಲರ್ಧ ಹೇಳುವುದು, ಇನ್ನೊಬ್ಬಳು ಉಳಿದರ್ಧ ಹೇಳುವುದು. ದೇವಮಾತೆಯ ಜೊತೆ ಮಾತು, ಪರಸ್ಪರ ಇಲ್ಲ.

ನಮ್ಮಲ್ಲಿ ತೇರ್ಸ್ ಮುಗಿದ ಕೂಡಲೇ ಚಿಕ್ಕವರು ಹಿರಿಯರ ಹತ್ತಿರ ಹೋಗಿ ಬೆಸಾಂವ್ ಕೇಳುವ ಕ್ರಮ ಉಂಟು. ಬೆಸಾಂವ್ ಎಂದರೆ ಆಶೀರ್ವಾದ. ಕೈ ಜೋಡಿಸಿ ಕೇಳಬೇಕು, ಹಿರಿಯರು ಕೈ ಎತ್ತಿ ಕೊಡಬೇಕು. ಲೆಕ್ಕದ ಪ್ರಕಾರ ಮಾವ್ಶಿ ತನ್ನ ಅಕ್ಕನ ಹತ್ತಿರ ಕೇಳಬೇಕು. ಆದರೆ ಆ ಘಳಿಗೆಯೇ ಬರುತ್ತಿರಲಿಲ್ಲ. ಏಕೆಂದರೆ ಕೊನೆಯ ಸ್ತುತಿ ನಡೆಯುತ್ತಿರುವಾಗ ಲ್ಯಾಪ್‌ಟಾಪ್ ಫಕ್ಕನೆ ಕಪ್ಪಾಗುತ್ತಿತ್ತು. ಎಚ್ಚರಿಕೆಯಿಲ್ಲ, ಸದ್ದಿಲ್ಲ. ಚಾರ್ಜರ್ ಸಿಕ್ಕಿಸಿ ಮತ್ತೆ ಎಬ್ಬಿಸುವಷ್ಟರಲ್ಲಿ ಉಳಿದ ಇಬ್ಬರೂ ಮುಗಿಸಿ ಹೋಗಿರುತ್ತಿದ್ದರು.

"ನೀನು ಚಾರ್ಜ್ ನೋಡುವುದಿಲ್ವಾ ಮಾರಾಯ?" ಎಂದು ತಮ್ಮ ಫೋನಿನಲ್ಲಿ ಬೈದ.

ನೋಡಲು ಏನಾದರೂ ಇದ್ದರಲ್ಲವೇ? ಹಿಂದೊಮ್ಮೆ ಲಿನಕ್ಸ್ ಅಪ್‌ಡೇಟ್ ಮಾಡಿದಾಗ ಪರದೆಯ ಮೂಲೆಯಲ್ಲಿದ್ದ ಬ್ಯಾಟರಿಯ ಚಿತ್ರವೇ ಮಾಯವಾಗಿತ್ತು. ಕೆಲಸದ ಮೇಜಿನಲ್ಲಿ ಸದಾ ಚಾರ್ಜರ್ ಸಿಕ್ಕಿಸಿಯೇ ಇರುವ ನನಗೆ ಅದರ ಕೊರತೆ ಗೊತ್ತಾಗಿರಲಿಲ್ಲ. ಮಾರನೆಯ ದಿನ ಕೂತು ಹುಡುಕಿದೆ. ಪರದೆಯ ಕೆಳಗಿನ ಪಟ್ಟಿಯ ಮೇಲೆ ಮೌಸಿನ ಬಲಗಡೆಯ ಬಟನ್ ಒತ್ತಿ, ಸೇರಿಸಬಹುದಾದವುಗಳ ಪೈಕಿ ಪವರ್ ಎಂದಿದ್ದನ್ನು ಆರಿಸಿದೆ. ಪುಟ್ಟ ಬ್ಯಾಟರಿಯ ಚಿತ್ರ ಹಿಂದಿರುಗಿ ಬಂತು, ಪಕ್ಕದಲ್ಲಿ ಶೇಕಡಾ ಎಷ್ಟು ಎಂಬ ಅಂಕೆ. ಕಳೆದುಹೋದ ಬೆಕ್ಕು ತಾನಾಗಿ ಮನೆಗೆ ಬಂದಷ್ಟು ಸಮಾಧಾನವಾಯಿತು.

ಆ ಸಂಜೆ ನಾನು ಜಪ ಮಾಡುತ್ತಲೇ ಮೂಲೆಯ ಅಂಕೆಯನ್ನು ನೋಡುತ್ತಿದ್ದೆ. ತೊಂಬತ್ತು. ಎಪ್ಪತ್ತು. ಐವತ್ತು. ನಲವತ್ತೊಂದು. ಮತ್ತೆ ಕತ್ತಲು.

ನಲವತ್ತೊಂದರಿಂದ ಸೊನ್ನೆಗೆ ಒಂದೇ ಜಿಗಿತ. ನನಗೆ ತಲೆ ಕೆಟ್ಟಿತು. ಮತ್ತೆ ಓದಲು ಕೂತೆ. ಲಿನಕ್ಸಿನ ಒಂದು ಗುಣ ನನಗೆ ಇಷ್ಟವಾದದ್ದು ಆಗ. ಅದು ಯಾವುದನ್ನೂ ಮುಚ್ಚಿಡುವುದಿಲ್ಲ, ನಾವು ಕೇಳಬೇಕಷ್ಟೆ. ಆದೇಶ ಬರೆಯುವ ಕಪ್ಪು ಕಿಟಕಿ ತೆರೆದು ಒಂದು ಸಾಲು ಟೈಪ್ ಮಾಡಿದರೆ ಬ್ಯಾಟರಿಯ ಜಾತಕವೇ ಬರುತ್ತದೆ: ಹೊಸತಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ತುಂಬಿಸಿದರೆ ಎಷ್ಟು ಹಿಡಿಯುತ್ತದೆ. ನನ್ನದು ಹೊಸದಾಗಿದ್ದಾಗ ಹಿಡಿಯುತ್ತಿದ್ದುದರ ಮೂರನೇ ಒಂದು ಪಾಲನ್ನೂ ಹಿಡಿಯುತ್ತಿರಲಿಲ್ಲ. ಮೂಲೆಯ ಅಂಕೆ ಒಂದು ಅಂದಾಜು ಮಾತ್ರ, ಮುದಿ ಬ್ಯಾಟರಿಯ ವಿಷಯದಲ್ಲಿ ಆ ಅಂದಾಜು ಕೈಕೊಡುತ್ತದೆ ಎಂದೂ ತಿಳಿಯಿತು.

ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಮೂಲೆಯ ಚಿತ್ರವನ್ನು ನೋಡಿದಳು.

"ಇದು ಕೆಂಪಾದ್ರೆ ಮುಗೀತು ಅಂತವಾ?"

"ಹೌದು. ಆದ್ರೆ ನಮ್ಮದು ಕೆಂಪಾಗುವ ಮೊದಲೇ ಮುಗೀತದೆ."

"ಹಾಗಾದ್ರೆ ನಾನು ನೋಡಿಕೊಳ್ತೇನೆ, ನೀನು ಜಪದ ಕಡೆ ಗಮನ ಕೊಡು," ಎಂದಳು ಅಮ್ಮ.

ಅಂದಿನಿಂದ ಅಮ್ಮ ಬ್ಯಾಟರಿಯ ಉಸ್ತುವಾರಿ ವಹಿಸಿಕೊಂಡಳು. ನಾನು ಇನ್ನೂ ಒಂದು ಉಪಾಯ ಮಾಡಿದೆ. ಬ್ಯಾಟರಿಯ ಅಂಕೆ ಲಿನಕ್ಸಿನಲ್ಲಿ ಒಂದು ಪುಟ್ಟ ಫೈಲಿನಲ್ಲಿ ಇರುತ್ತದೆ. ಅದನ್ನು ಆಗಾಗ ಓದಿ ಗಟ್ಟಿಯಾಗಿ ಹೇಳುವಂತೆ ನಾಲ್ಕೈದು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ. ಹೇಳಲು ಕನ್ನಡ ಮಾತಾಡುವ ಒಂದು ಉಚಿತ ಧ್ವನಿ ಸಿಕ್ಕಿತು. ಅರ್ಧ ಗಂಟೆಗೊಮ್ಮೆ ತಗಡಿನ ಡಬ್ಬದೊಳಗಿಂದ ಬಂದಂಥ ಗಂಡು ದನಿ ಹೇಳುತ್ತಿತ್ತು: "ಬ್ಯಾಟರಿ. ಶೇಕಡಾ. ಅರವತ್ತು."

ಅಮ್ಮನ ಮೊದಲ ಪ್ರತಿಕ್ರಿಯೆ, "ಇವನಿಗೆ ಒತ್ತಕ್ಷರ ಸರಿ ಬರುವುದಿಲ್ಲ." ನನ್ನ ಹೆಂಡತಿ ಆ ದನಿಗೆ ಮಾಸ್ಟ್ರು ಎಂದು ಹೆಸರಿಟ್ಟಳು. ಅವಳಿಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು. ಮಸ್ಕತ್‌ನಿಂದ ತಮ್ಮ, "ಅದು ಯಾರು ಮಧ್ಯದಲ್ಲಿ?" ಎಂದು ಕೇಳಿದ ಮೇಲೆ ತೇರ್ಸಿನ ಹೊತ್ತಿಗೆ ದನಿಯನ್ನು ಬಹಳ ತಗ್ಗಿಸಿ ಇಡಬೇಕಾಯಿತು. ಪಕ್ಕದಲ್ಲಿ ನಿಂತ ನಮಗೆ ಮಾತ್ರ ಕೇಳುವಷ್ಟು.

ಇಷ್ಟೆಲ್ಲ ವ್ಯವಸ್ಥೆಯಿಂದ ಆದ ಪ್ರಯೋಜನವೆಂದರೆ, ಲ್ಯಾಪ್‌ಟಾಪ್ ಸಾಯುವ ಮೊದಲೇ ಅಮ್ಮ ವಿದಾಯ ಹೇಳುವುದು ಸಾಧ್ಯವಾಯಿತು. ಪ್ರಾರ್ಥನೆಯನ್ನು ತುಸು ವೇಗವಾಗಿ ನಡೆಸುತ್ತಿದ್ದುದರಿಂದ, ಸ್ತುತಿಯ ಕೊನೆಯ ಸಾಲು ಮುಗಿಯುವುದಕ್ಕೂ ಅಮ್ಮ ಮೂಲೆಯತ್ತ ಕಣ್ಣು ಹಾಯಿಸುವುದಕ್ಕೂ ಸರಿಯಾಗುತ್ತಿತ್ತು. "ಬ್ಯಾಟರಿ ಮುಗೀತಾ ಬಂತು, ಇಡ್ತೇವೆ," ಎಂದು ಅವಳೇ ಬೆರಳು ಚಾಚಿ ಕೆಂಪು ಗುಂಡಿ ಒತ್ತುತ್ತಿದ್ದಳು. ಕೆಂಪು ಗುಂಡಿ ಎಲ್ಲಿದೆ ಎಂದು ನಾನು ಕಲಿಸಿರಲಿಲ್ಲ, ತಾನೇ ಕಂಡುಹಿಡಿದಿದ್ದಳು.

ಒಂದು ದಿನ ಊಟಕ್ಕೆ ಬಡಿಸುವಾಗ ನನ್ನ ಹೆಂಡತಿ ಮೆಲ್ಲಗೆ ಹೇಳಿದಳು, "ಅಮ್ಮನಿಗೆ ಬ್ಯಾಟರಿ ಮುಗಿಯುವುದೇ ಬೇಕು, ಗೊತ್ತುಂಟಾ ನಿಮಗೆ?"

"ಎಂತ ಮಾತಾಡ್ತಿ?"

"ಇವತ್ತು ಐವತ್ತೆಂಟು ಇತ್ತು. ನಾನು ನೋಡಿದ್ದೇನೆ. ಮಾವ್ಶಿ ಬಾಯಿ ತೆರೆದದ್ದೇ, ಅಮ್ಮ ಇಟ್ಟರು."

ನಾನು ನಂಬಲಿಲ್ಲ. ಬ್ಯಾಟರಿಯ ಅಂಕೆಯನ್ನು ನೆಚ್ಚುವಂತಿಲ್ಲ ಎಂದು ನಾನೇ ಅಮ್ಮನಿಗೆ ಹೇಳಿದ್ದೆನಲ್ಲ, ಹಾಗಾಗಿ ಅವಸರ ಮಾಡುತ್ತಾಳೆ ಎಂದುಕೊಂಡೆ. ಆದರೂ ಹೆಂಡತಿಯ ಮಾತು ಒಳಗೆ ಕೂತಿತು. ಮುಂದಿನ ಕೆಲವು ಸಂಜೆ ಅಂಕೆ ಬಿಟ್ಟು ಮಾವ್ಶಿಯ ಮುಖ ನೋಡಿದೆ. ಸ್ತುತಿ ಮುಗಿಯುವ ಹೊತ್ತಿಗೆ ಅವಳು ಜಪಮಾಲೆಗೆ ಮುತ್ತಿಟ್ಟು ಕೆಳಗಿಟ್ಟು, ಕೈ ಜೋಡಿಸಲು ಹೊರಡುತ್ತಿದ್ದಳು. ಎರಡೂ ಅಂಗೈ ಕೂಡುವ ಮೊದಲೇ ನಮ್ಮ ಕಡೆಯಿಂದ ಕಾಲ್ ಕಟ್ಟಾಗುತ್ತಿತ್ತು. ಅದನ್ನು ಕಂಡ ಮೇಲೆ ನನಗೆ ಬೇಸರವಾಯಿತು. ಅಮ್ಮನನ್ನು ನೇರವಾಗಿ ಕೇಳುವ ಧೈರ್ಯವಾಗಲಿಲ್ಲ. ಬ್ಯಾಟರಿ ಬದಲಿಸುವುದು ಸುಲಭವೆನಿಸಿತು.

ಕುದ್ರೋಳಿಯ ಅದೇ ಅಂಗಡಿಗೆ ಹೋದೆ. ಅಂಗಡಿಯವರು ಲ್ಯಾಪ್‌ಟಾಪ್ ಮಗುಚಿ ಹಾಕಿ ಹಳೆಯ ಬ್ಯಾಟರಿಯನ್ನು ಹೊರತೆಗೆದರು. ನಡುವೆ ಪೂರಿಯ ಹಾಗೆ ಉಬ್ಬಿತ್ತು.

"ಇದರಲ್ಲಿ ನೀವು ಎಂತ ಓಡಿಸ್ತಿದ್ರಿ?" ಎಂದರು.

"ತೇರ್ಸ್," ಎಂದೆ.

ಅವರು ಒಮ್ಮೆ ನನ್ನ ಮುಖ ನೋಡಿ, ಹೊಸದನ್ನು ಕೂರಿಸಿಕೊಟ್ಟರು. ಉಬ್ಬಿದ್ದನ್ನು ಮನೆಗೆ ಒಯ್ಯುವುದು ಬೇಡವೆಂದು ತಾವೇ ಇಟ್ಟುಕೊಂಡರು.

ಮನೆಗೆ ಬಂದು ಪೂರ್ತಿ ಚಾರ್ಜ್ ಮಾಡಿದೆ. ಕಪ್ಪು ಕಿಟಕಿಯಲ್ಲಿ ಜಾತಕ ತೆಗೆದರೆ ಎಲ್ಲ ಗ್ರಹಗಳೂ ಉಚ್ಚದಲ್ಲಿದ್ದವು. ನೋಡಿದಷ್ಟೂ ಖುಷಿ. ಆ ಖುಷಿಯಲ್ಲಿ, ಮಧ್ಯಾಹ್ನ ಹಾಡು ಕೇಳಲು ದನಿ ಏರಿಸಿದವನು ತಗ್ಗಿಸಲು ಮರೆತೆ. ಮಾಸ್ಟ್ರನ್ನು ನಿಲ್ಲಿಸುವುದಂತೂ ತಲೆಗೇ ಬರಲಿಲ್ಲ. ಬ್ಯಾಟರಿ ಬದಲಿಸಿದ್ದನ್ನು ಅಮ್ಮನಿಗೆ ಹೇಳಿದೆನಾದರೂ ಅವಳು ಆಗ ಬಂಗುಡೆ ಶುಚಿ ಮಾಡುವುದರಲ್ಲಿದ್ದಳು. ಆಯ್ತು ಎಂದಳು, ಕೇಳಿಸಿಕೊಂಡಳೋ ಇಲ್ಲವೋ.

ಅಂದು ತೇರ್ಸ್ ನಿಧಾನವಾಗಿ, ಚೆಂದವಾಗಿ ನಡೆಯಿತು. ಮಾವ್ಶಿಯ ದನಿಗೆ ತುಸು ಶೀತ ಹಿಡಿದಿತ್ತು. ಸ್ತುತಿ ಮುಗಿಯಿತು. ಮಾವ್ಶಿ ಜಪಮಾಲೆ ಕೆಳಗಿಟ್ಟಳು. ಅಮ್ಮ ಎಂದಿನಂತೆ ಮೂಲೆಯತ್ತ ನೋಡಿ, ಎಂದಿನಂತೆ ಬೆರಳು ಚಾಚಿ ಹೇಳಿದಳು, "ಬ್ಯಾಟರಿ ಇಲ್ಲ, ಇಡ್ತೇವೆ."

ಆಗ ಮಾಸ್ಟ್ರು ಇಡೀ ಹಾಲಿಗೆ ಕೇಳುವಂತೆ, ಕುವೈತಿಗೂ ಮಸ್ಕತ್‌ಗೂ ಕೇಳುವಂತೆ ಹೇಳಿದ: "ಬ್ಯಾಟರಿ. ಶೇಕಡಾ. ಎಂಬತ್ತೆರಡು."

ಅಮ್ಮನ ಬೆರಳು ಗಾಳಿಯಲ್ಲಿಯೇ ನಿಂತಿತು. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ತಮ್ಮ ತನ್ನ ಕ್ಯಾಮೆರಾವನ್ನೇ ಆರಿಸಿಬಿಟ್ಟ.

ಮಾವ್ಶಿ ಮಾತ್ರ ಕದಲಲಿಲ್ಲ. "ಅಕ್ಕಾ, ಅದು ಯಾರು ಮಾತಾಡಿದ್ದು?" ಎಂದಳು.

ವರ್ಷಗಳ ನಂತರ ಅವಳು ಅಮ್ಮನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

"ಅದು ಇವನ ಎಂತದೋ ಯಂತ್ರ," ಎಂದಳು ಅಮ್ಮ.

"ಎಂಬತ್ತೆರಡು ಅಂತ ಹೇಳಿತಲ್ಲ?"

ಅಮ್ಮ ಸುಳ್ಳು ಹೇಳಿ ಅಭ್ಯಾಸ ಇರುವವಳಲ್ಲ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮಕ್ಕಳ ಮುಖ ಹೇಗಿರುತ್ತದೆಂದು ಅವಳು ಎಷ್ಟೋ ಸಲ ನಮಗೆ ಅಭಿನಯಿಸಿ ತೋರಿಸಿದ್ದಳು. ಈಗ ಅವಳ ಮುಖವೇ ಹಾಗಾಗಿತ್ತು. ಚಾಚಿದ ಬೆರಳನ್ನು ಮಡಚಿಕೊಂಡು, "ಹೌದು, ಎಂಬತ್ತೆರಡು ಉಂಟು," ಎಂದಳು.

"ಹಾಗಾದ್ರೆ ಬೆಸಾಂವ್ ಕೊಡು," ಎಂದಳು ಮಾವ್ಶಿ. ಎರಡೂ ಕೈ ಜೋಡಿಸಿದ್ದಳು.

ಅಮ್ಮ ಕೈ ಎತ್ತಿದಳು. ಆಶೀರ್ವಾದದ ಮಾತನ್ನು ದಿನಾ ನಮಗೆ ಹೇಳುವಾಗ ಒಂದೇ ಉಸಿರಿಗೆ ಹೇಳಿ ಮುಗಿಸುವವಳು ಅಂದು ಬಿಡಿಸಿ ಬಿಡಿಸಿ ಹೇಳಿದಳು. ಹೇಳಿ ಆದ ಮೇಲೆಯೂ ಎತ್ತಿದ ಕೈಯನ್ನು ತಕ್ಷಣ ಇಳಿಸಲಿಲ್ಲ.

"ನಿನಗೆ ಶೀತ ಆಗಿದೆ," ಎಂದಳು ಆಮೇಲೆ.

"ಇಲ್ಲಿ ಎಲ್ಲ ಕಡೆ ಎ.ಸಿ. ಅಲ್ವಾ? ಹೊರಗೆ ಬೆಂಕಿ, ಒಳಗೆ ಐಸು."

"ಕಾಳುಮೆಣಸು, ಶುಂಠಿ ಹಾಕಿ ಕಷಾಯ ಮಾಡಿ ಕುಡಿ. ಮಾತ್ರೆ ನುಂಗಬೇಡ."

"ನಾನು ನರ್ಸ್ ಅಕ್ಕಾ."

"ಅದಕ್ಕೇ ಹೇಳಿದ್ದು."

ತಮ್ಮನ ಕ್ಯಾಮೆರಾ ಮತ್ತೆ ಬಂತು. ಅವನ ಕಣ್ಣು ಒದ್ದೆಯಾಗಿತ್ತು, ನಕ್ಕೋ ಅತ್ತೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮಾವ್ಶಿ ತುಸು ಅಳುಕಿಯೇ ಹೇಳಿದಳು, "ಆಲ್ತಾರನ್ನು ಒಮ್ಮೆ ತೋರಿಸಬಹುದಾ?"

ಆಗ ನನಗೆ ಹೊಳೆದದ್ದು, ಅಷ್ಟು ದಿನಗಳಲ್ಲಿ ಅವಳು ಆಲ್ತಾರನ್ನು ನೋಡಿಯೇ ಇರಲಿಲ್ಲ. ಕ್ಯಾಮೆರಾದಲ್ಲಿ ನಾವು ಮೂವರು ಮತ್ತು ಕಿಟಕಿಯ ಪರದೆ ಮಾತ್ರ ಕಾಣುವಂತೆ ಸ್ಟೂಲಿನ ಜಾಗ ಗೊತ್ತುಮಾಡಿದ್ದು ಅಮ್ಮನೇ. ನಾನು ಅಮ್ಮನ ಮುಖ ನೋಡಿದೆ. "ಎತ್ತಿ ತೋರಿಸು ಅವಳಿಗೆ," ಎಂದಳು.

ವಯರಿಲ್ಲದ ಲ್ಯಾಪ್‌ಟಾಪನ್ನು ಎರಡು ಕೈಯಲ್ಲಿ ಹಿಡಿದು ಆಲ್ತಾರಿನ ಹತ್ತಿರ ಒಯ್ದೆ. ಕಮಾನು, ಶಿಲುಬೆ, ಹೂವು, ದೀಪ. ಮಾವ್ಶಿ ಪರದೆಗೆ ಮುಖ ಹತ್ತಿರ ತಂದು ಒಂದೊಂದನ್ನೇ ನೋಡಿದಳು. ಆಮೇಲೆ, "ಎಡಗಡೆಯ ಕಂಬದ ಹತ್ತಿರ ತೆಗೆದುಕೊಂಡು ಹೋಗು. ಇನ್ನೂ ಕೆಳಗೆ," ಎಂದಳು. ಬಗ್ಗಿ ತೋರಿಸಿದೆ. ಕಂಬದ ಬುಡದಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಕಪ್ಪು ಕಲೆ ಇತ್ತು. ನಾನು ಅದನ್ನು ಮರದ ಗಂಟು ಎಂದೇ ತಿಳಿದಿದ್ದೆ.

"ಉಂಟಾ ಅದು ಇನ್ನೂ," ಎಂದಳು ಮಾವ್ಶಿ. "ನಾನು ಸುಟ್ಟದ್ದು. ಮೇಣದಬತ್ತಿ ಬೀಳಿಸಿ. ನಿಮ್ಮ ಅಜ್ಜಿ ಹೊಡೀಲಿಕ್ಕೆ ಬಂದಾಗ ಅಕ್ಕ ತಾನು ಮಾಡಿದ್ದು ಅಂತ ಹೇಳಿ ಪೆಟ್ಟು ತಿಂದಳು."

"ಪಾಲಿಶ್ ಮಾಡುವವನು ಆ ಕಲೆ ತೆಗೀತೇನೆ ಅಂದ," ಎಂದಳು ಅಮ್ಮ ನನ್ನ ಹಿಂದಿನಿಂದ. "ನಾನು ಬೇಡ ಅಂದೆ. ಅದನ್ನು ಮುಟ್ಟಬೇಡ, ಬಾಕಿದ್ದು ಮಾಡು ಅಂತ."

ನಾನು ಲ್ಯಾಪ್‌ಟಾಪನ್ನು ಮತ್ತೆ ಸ್ಟೂಲಿನ ಮೇಲಿಟ್ಟೆ. ಅಮ್ಮ ಕುರ್ಚಿ ಎಳೆದು ಪರದೆಯ ಎದುರು ಕೂತಳು. ಕೂತು, ತಂಗಿಗೆ ಹೇಳಿದಳು, "ತರುವ ಮೊದಲು ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದ್ರೆ ನೀನು ಬೇಡ ಅಂತೀಯೋ ಅಂತ ಹೆದರಿಕೆ ಇತ್ತು ನನಗೆ."

"ನಾನು ಎಂತಕ್ಕೆ ಬೇಡ ಅನ್ನುವುದು? ನನ್ನ ಒಂದು ಕೋಣೆಯಲ್ಲಿ ಅದನ್ನು ಎಲ್ಲಿ ಇಡುವುದು?"

"ಮತ್ತೆ ಇಷ್ಟು ವರ್ಷ ಯಾಕೆ ಮುಖ ಊದಿಸಿಕೊಂಡದ್ದು?"

"ನೀನು ಕೇಳಲಿಲ್ಲ ಅಂತ."

ಆ ಉತ್ತರ ಅಮ್ಮನಿಗೆ ಒಪ್ಪಿಗೆಯಾದಂತೆ ಕಂಡಿತು. ಅರ್ಧ ಗಂಟೆಯಾದಾಗ ಮಾಸ್ಟ್ರು ಮತ್ತೆ ಬಾಯಿ ಹಾಕಿದ. "ಅವನನ್ನು ಒಮ್ಮೆ ಸುಮ್ಮನಿರಿಸು ಮಾರಾಯ," ಎಂದಳು ಅಮ್ಮ. ನಾನು ಬಗ್ಗಿ ಸ್ಕ್ರಿಪ್ಟನ್ನು ನಿಲ್ಲಿಸಿ, ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ನಿಂತು ಬಂಗುಡೆ ಸಾರು ಊಟ ಮಾಡಿದೆ. ಹಾಲಿನಿಂದ ಯಾರ ಮದುವೆಯಲ್ಲಿ ಯಾರು ಹಾಡಿದ್ದು ಬೇಸುರ ಎಂಬ ವಿಚಾರಣೆ ಕೇಳುತ್ತಿತ್ತು. ತಮ್ಮ ಯಾವಾಗಲೋ ವಿಡಿಯೊ ಕಾಲ್ ಬಿಟ್ಟು ಹೋಗಿದ್ದ, ಅದು ಇಬ್ಬರಿಗೂ ಗೊತ್ತಾಗಿರಲಿಲ್ಲ.

ಆ ವರ್ಷ ಮಾವ್ಶಿಗೆ ಕ್ರಿಸ್ಮಸ್ಸಿಗೆ ರಜೆ ಸಿಕ್ಕಿತು. ನಮ್ಮಲ್ಲಿಯೇ ಬಂದು ಇಳಿದಳು. ಮೊದಲ ದಿನ ಬ್ಯಾಗು ಕೆಳಗಿಟ್ಟವಳೇ ಆಲ್ತಾರಿನ ಎದುರು ಮೊಣಕಾಲೂರಿ, ಕಂಬದ ಬುಡವನ್ನು ಒಮ್ಮೆ ಬೆರಳಿನಿಂದ ಸವರಿ ಎದ್ದಳು. ಎರಡನೆಯ ದಿನದಿಂದ ಅಕ್ಕ ತಂಗಿ ಕೂತು ಹಬ್ಬದ ತಿಂಡಿ ಮಾಡಲು ಶುರುಮಾಡಿದರು. ಕಿಡಿಯೊ ಎಂಬ ಪುಟ್ಟ ಸುರುಳಿಯನ್ನು ಫೋರ್ಕಿನ ಹಿಂಬದಿಯಲ್ಲಿ ಒತ್ತಬೇಕೋ ಬಾಚಣಿಗೆಯಲ್ಲಿ ಒತ್ತಬೇಕೋ ಎಂದು ಇಬ್ಬರಿಗೂ ಜಗಳವಾಯಿತು. ನನ್ನ ಹೆಂಡತಿ ಎರಡನ್ನೂ ಬೇರೆ ಬೇರೆ ಡಬ್ಬದಲ್ಲಿ ತುಂಬಿಸಿಟ್ಟಳು. ಬಂದವರಿಗೆಲ್ಲ ಎರಡೂ ಕೊಟ್ಟು ಯಾವುದು ಚೆಂದ ಎಂದು ಕೇಳಲಾಯಿತು. ನಮ್ಮ ಬಿಲ್ಡಿಂಗಿನವರು ಜಾಣರು, ಯಾರೂ ಬಾಯಿ ಬಿಡಲಿಲ್ಲ. ಎರಡನ್ನೂ ತಿಂದು, ಇನ್ನೊಮ್ಮೆ ನೋಡಿದರೆ ಗೊತ್ತಾಗಬಹುದು ಎಂದು ಕೈ ಚಾಚಿದರು.